ನೆನಪಿನಲ್ಲಿ ಇಟ್ಟ ಕಡತ: ಕಂಪ್ಯೂಟರ್ ವೇಗದ ಒಂದು ಚಿಕ್ಕ ಇತಿಹಾಸ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ ನಾನು ಶಾಲಾ ದಿನಗಳ ನೆನಪು ಬರೆಯಬೇಕೆಂದುಕೊಂಡಿದ್ದೆ. ಆದರೆ ಸಂಪಾದಕ ಮಂಡಳಿಯವರು, “ನೆನಪು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನೀವು ಮಾಡುವ ಕೆಲಸದ ಬಗ್ಗೆ ಬರೆಯಿರಿ. ಈಗಿನ ಮಕ್ಕಳಿಗೂ ಊರಿನವರಿಗೂ ತಿಳಿಯುವ ಹಾಗಿರಲಿ” ಎಂದರು. ಊರಿಗೆ ಬಂದಾಗಲೆಲ್ಲ ಹಿರಿಯರು “ಕಂಪ್ಯೂಟರಿನಲ್ಲಿ ಅದೇನು ಮಾಡ್ತೀಯಪ್ಪಾ?” ಎಂದು ಕೇಳುವುದುಂಟು. “ಡೇಟಾ ಕೆಲಸ” ಎಂದು ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವ ಪ್ರಯತ್ನ ಇದು.

ನನ್ನ ಕೆಲಸವೆಂದರೆ ಒಂದು ಕಂಪ್ಯೂಟರಿನಲ್ಲಿ ಹಿಡಿಸಲಾರದಷ್ಟು ಮಾಹಿತಿಯನ್ನು ಹಲವು ಕಂಪ್ಯೂಟರುಗಳಿಗೆ ಹಂಚಿ ಬೇಗ ಲೆಕ್ಕ ಮಾಡಿಸುವುದು. ಈ ‘ಬೇಗ’ ಎಂಬ ಒಂದು ಮಾತಿನ ಹಿಂದೆ ಎಂಟು ದಶಕಗಳ ಇತಿಹಾಸವಿದೆ. ಅದನ್ನು ನಮ್ಮ ಶಾಲೆಯ ಆಫೀಸ್ ರೂಮಿನಿಂದಲೇ ಆರಂಭಿಸುತ್ತೇನೆ.

ಗುಮಾಸ್ತರ ತಲೆ, ಆಫೀಸಿನ ಬೀರು

ನಾನು ಓದುವಾಗ ಆಫೀಸಿನಲ್ಲಿ ಒಬ್ಬರು ಗುಮಾಸ್ತರಿದ್ದರು. ಎಷ್ಟೋ ವರ್ಷದ ಹಿಂದೆ ಶಾಲೆ ಬಿಟ್ಟವರು ಟಿ.ಸಿ.ಯ ನಕಲು ಕೇಳಿಕೊಂಡು ಬಂದರೆ, ಅವರು ಬೀರುವಿನ ಬಾಗಿಲು ತೆಗೆಯುವ ಮೊದಲೇ ಬಂದವರ ಮುಖ ನೋಡಿ, “ನಿಮ್ಮ ವರ್ಷದ್ದು ಕೆಂಪು ರಟ್ಟಿನ ರಿಜಿಸ್ಟರು, ಮೇಲಿನ ಅರೆಯಲ್ಲಿದೆ” ಎನ್ನುತ್ತಿದ್ದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಅವರು ರಜೆ ಹಾಕಿದ ದಿನ ಅದೇ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಒಂದೊಂದೇ ರಿಜಿಸ್ಟರನ್ನು ಕೆಳಗಿಳಿಸಿ, ಧೂಳು ಕೊಡವಿ, ಪುಟ ತಿರುವಬೇಕಾಗಿತ್ತು.

ಆದರೆ ಒಂದು ವ್ಯತ್ಯಾಸವಿತ್ತು. ಬೀರುವಿನಲ್ಲಿ ಇದ್ದದ್ದು ಯಾರು ಬಂದರೂ ಹೋದರೂ ಅಲ್ಲೇ ಇರುತ್ತಿತ್ತು. ಗುಮಾಸ್ತರ ತಲೆಯಲ್ಲಿ ಇದ್ದದ್ದು ಸಂಜೆ ಅವರ ಜೊತೆಗೇ ಮನೆಗೆ ಹೋಗುತ್ತಿತ್ತು.

ಕಂಪ್ಯೂಟರಿನ ಒಳಗೂ ಇಂಥ ಎರಡು ಜಾಗಗಳಿವೆ. ಒಂದು ಮೆಮೊರಿ, ಅಂಗಡಿಯವರು ರ‍್ಯಾಮ್ ಎನ್ನುವುದು ಇದನ್ನೇ. ಇನ್ನೊಂದು ಡಿಸ್ಕ್. ಮೆಮೊರಿ ಗುಮಾಸ್ತರ ತಲೆಯ ಹಾಗೆ: ಕೇಳಿದ ಕೂಡಲೇ ಉತ್ತರ, ಆದರೆ ಕರೆಂಟು ಹೋದರೆ ಎಲ್ಲವೂ ಹೋಯಿತು. ಡಿಸ್ಕ್ ಬೀರುವಿನ ಹಾಗೆ: ನಿಧಾನ, ಆದರೆ ಕರೆಂಟು ಹೋದರೂ ಬರೆದದ್ದು ಉಳಿಯುತ್ತದೆ.

ಎಷ್ಟು ನಿಧಾನ? ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ ಇರುತ್ತದೆ. ಅದರ ಮೇಲೆ ಓದುವ ಮುಳ್ಳು ಅತ್ತಿತ್ತ ಓಡಾಡುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಮುಳ್ಳು ಸರಿಯಾದ ಜಾಗಕ್ಕೆ ಸರಿಯುವ ಹೊತ್ತೂ ಸೇರಿ, ಎಲ್ಲೋ ಇರುವ ಒಂದು ಮಾಹಿತಿಯನ್ನು ಮುಟ್ಟಲು ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ಮೆಮೊರಿಯಲ್ಲಿ ಅದೇ ಕೆಲಸ ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಆಗುತ್ತದೆ. ಇವೆರಡರ ನಡುವೆ 1 ಲಕ್ಷ ಪಟ್ಟು ಅಂತರ. ಮೆಮೊರಿಗೆ ಹೋಗಿಬರಲು 1 ಸೆಕೆಂಡು ಎಂದು ಲೆಕ್ಕ ಹಿಡಿದರೆ, ಡಿಸ್ಕಿಗೆ ಹೋಗಿಬರಲು ಒಂದು ದಿನಕ್ಕಿಂತ ಹೆಚ್ಚು ಬೇಕು. ನಮ್ಮ ಊರಿನ ಉದಾಹರಣೆಯಲ್ಲಿ ಹೇಳುವುದಾದರೆ, ಒಂದು ಜೇಬಿಗೆ ಕೈಹಾಕಿದ ಹಾಗೆ. ಇನ್ನೊಂದು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಕಾಗದ ತಂದ ಹಾಗೆ.

ಹಾಗಾದರೆ ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಇಡಲು ಎರಡು ಅಡ್ಡಿಗಳಿದ್ದವು. ಒಂದು, ಮೆಮೊರಿ ದುಬಾರಿ. ಎರಡು, ಮೆಮೊರಿಗೆ ಮರೆವು ಇದೆ. ಮೊದಲನೆಯ ಅಡ್ಡಿ ಕಾಲ ಕಳೆದಂತೆ ಸಡಿಲವಾಯಿತು. ಎರಡನೆಯದನ್ನು ಮನುಷ್ಯರು ತಲೆ ಓಡಿಸಿ ದಾಟಬೇಕಾಯಿತು. ಈ ಲೇಖನ ಮುಖ್ಯವಾಗಿ ಅದರ ಕಥೆ.

ಮೊದಲ ಹೆಜ್ಜೆಗಳು

1946ರಲ್ಲೇ ಜಾನ್ ವಾನ್ ನಾಯ್ಮನ್, ಆರ್ಥರ್ ಬರ್ಕ್ಸ್ ಮತ್ತು ಹರ್ಮನ್ ಗೋಲ್ಡ್‌ಸ್ಟೈನ್ ಸೇರಿ ಬರೆದ ವರದಿಯೊಂದರಲ್ಲಿ ಈ ವಿಷಯ ಬರುತ್ತದೆ. ಎಷ್ಟು ಬೇಕಾದರೂ ಹಿಡಿಸುವ, ಕೇಳಿದ ಕೂಡಲೇ ಕೊಡುವ ಒಂದೇ ಮೆಮೊರಿ ಇದ್ದರೆ ಚೆನ್ನ. ಅದು ಸಾಧ್ಯವಿಲ್ಲದ್ದರಿಂದ ಚಿಕ್ಕದೂ ಚುರುಕಾದದ್ದೂ ಮೇಲೆ, ದೊಡ್ಡದೂ ನಿಧಾನವಾದದ್ದೂ ಕೆಳಗೆ ಎಂಬಂತೆ ಮೆಟ್ಟಿಲುಗಳಾಗಿ ಜೋಡಿಸಿಕೊಳ್ಳಬೇಕು ಎಂಬುದು ಅವರ ಮಾತಿನ ಸಾರ. ಇಂದಿಗೂ ಎಲ್ಲ ಕಂಪ್ಯೂಟರುಗಳೂ ಈ ಮೆಟ್ಟಿಲುಗಳ ಮೇಲೆಯೇ ನಿಂತಿವೆ.

1956ರಲ್ಲಿ ಐಬಿಎಂ ಕಂಪನಿಯು ರಾಮ್ಯಾಕ್ ಎಂಬ ಯಂತ್ರದ ಜೊತೆ ಮೊದಲ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ತಲಾ 24 ಅಂಗುಲ ಅಗಲದ 50 ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಆ ಯಂತ್ರ ಒಂದು ದೊಡ್ಡ ಬೀರುವಿನಷ್ಟೇ ಇತ್ತು. ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಗಳಿಗೆ ಅಷ್ಟು ಜಾಗ ಬೇಕು.

1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟಾಮ್ ಕಿಲ್ಬರ್ನ್ ಮತ್ತು ಅವರ ತಂಡದ ‘ಅಟ್ಲಾಸ್’ ಕಂಪ್ಯೂಟರ್ ಬಂತು. ಮಾಹಿತಿಯನ್ನು ಪುಟಗಳಾಗಿ ಕತ್ತರಿಸಿ, ಬೇಕಾದ ಪುಟವನ್ನು ಮಾತ್ರ ಚುರುಕಾದ ಮೆಮೊರಿಗೆ ತಂದು, ಬೇಡವಾದದ್ದನ್ನು ನಿಧಾನದ ಡ್ರಮ್ಮಿಗೆ ತಳ್ಳುವ ಕೆಲಸವನ್ನು ಯಂತ್ರವೇ ಮಾಡುವಂತೆ ಅವರು ಮಾಡಿದರು. ಪ್ರೋಗ್ರಾಂ ಬರೆಯುವವರಿಗೆ ಎಲ್ಲವೂ ಒಂದೇ ಜಾಗದಲ್ಲಿ ಇದ್ದಂತೆ ಕಾಣುತ್ತಿತ್ತು.

ಹಾಗಾದರೆ ಯಾವುದನ್ನು ಮೇಲೆ ಇಡಬೇಕು, ಯಾವುದನ್ನು ಕೆಳಗೆ? 1987ರಲ್ಲಿ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು ಇದಕ್ಕೆ ಒಂದು ಹೆಬ್ಬೆರಳ ಲೆಕ್ಕ ಕೊಟ್ಟರು. ಅಂದಿನ ಬೆಲೆಯಲ್ಲಿ, ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಮಾಹಿತಿಯನ್ನು ಮೆಮೊರಿಯಲ್ಲಿ ಇಡುವುದೇ ಅಗ್ಗ. ಅದಕ್ಕಿಂತ ಅಪರೂಪಕ್ಕೆ ಬೇಕಾಗುವುದು ಡಿಸ್ಕಿನಲ್ಲಿರಲಿ. ‘ಐದು ನಿಮಿಷದ ನಿಯಮ’ ಎಂದೇ ಇದು ಹೆಸರಾಯಿತು. ದಿನಾ ಬೇಕಾಗುವ ಹಾಜರಿ ಪುಸ್ತಕ ಮೇಜಿನ ಮೇಲಿರುತ್ತದೆ, ಹಳೆಯ ವರ್ಷದ್ದು ಬೀರುವಿಗೆ ಹೋಗುತ್ತದೆ. ಅದೇ ನ್ಯಾಯ ಇಲ್ಲಿಯೂ.

ಮರೆತರೂ ಪರವಾಗಿಲ್ಲದ ಕಡತಗಳು

ಈಗ ಮರೆವಿನ ಪ್ರಶ್ನೆಗೆ ಬರೋಣ. ಅದಕ್ಕೆ ಸಿಕ್ಕ ಮೊದಲ ಉತ್ತರ ತೀರ ಸರಳ: ಮರೆತರೂ ನಷ್ಟವಿಲ್ಲದ್ದನ್ನು ಮಾತ್ರ ಮೆಮೊರಿಯಲ್ಲಿ ಇಡು.

ಅಂಥದ್ದು ಎಷ್ಟಿರುತ್ತದೆ? 1985ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಮತ್ತು ಸಂಗಡಿಗರು ಯುನಿಕ್ಸ್ ಕಂಪ್ಯೂಟರುಗಳಲ್ಲಿ ಕಡತಗಳು ಹೇಗೆ ಹುಟ್ಟಿ ಹೇಗೆ ಸಾಯುತ್ತವೆ ಎಂದು ಗಮನಿಸಿ ದಾಖಲಿಸಿದರು. ಹೊಸದಾಗಿ ಬರೆದ ಮಾಹಿತಿಯಲ್ಲಿ ಸುಮಾರು ಅರ್ಧದಷ್ಟು ಐದೇ ನಿಮಿಷದಲ್ಲಿ ಅಳಿದುಹೋಗುತ್ತದೆ ಎಂದು ಅವರಿಗೆ ಕಂಡುಬಂತು. ಅವೆಲ್ಲ ಲೆಕ್ಕದ ಮಧ್ಯೆ ಹುಟ್ಟುವ ಕಚ್ಚಾ ಕಡತಗಳು. ಗಣಿತದ ಪರೀಕ್ಷೆಯಲ್ಲಿ ನಾವು ಪುಟದ ಬಲಗಡೆ ಗೆರೆ ಎಳೆದು ಮಾಡುತ್ತಿದ್ದ ಕಚ್ಚಾ ಕೆಲಸದ ಹಾಗೆ. ಅದನ್ನು ಯಾರೂ ಬೀರುವಿನಲ್ಲಿಟ್ಟು ಬೀಗ ಹಾಕುವುದಿಲ್ಲ.

ಈ ತಿಳಿವಳಿಕೆ 1990ರ ಹೊತ್ತಿಗೆ ಕೈಗೂಡಿತು. ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯ ಪೀಟರ್ ಸ್ನೈಡರ್ ‘ಟೆಂಪ್ ಎಫ್ಎಸ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಅದೇ ವರ್ಷ ಬರ್ಕ್‌ಲಿಯ ಮಾರ್ಷಲ್ ಕರ್ಕ್ ಮೆಕ್ಯೂಸಿಕ್, ಮೈಕೆಲ್ ಕಾರೆಲ್ಸ್ ಮತ್ತು ಕೀತ್ ಬೋಸ್ಟಿಕ್ ಅಂಥದ್ದೇ ಇನ್ನೊಂದನ್ನು ಪ್ರಕಟಿಸಿದರು. ಹೊರಗಿನಿಂದ ನೋಡಿದರೆ ಅದೊಂದು ಮಾಮೂಲಿ ಫೋಲ್ಡರು. ಕಡತ ತೆರೆಯಬಹುದು, ಬರೆಯಬಹುದು, ಅಳಿಸಬಹುದು. ಒಳಗೆ ಮಾತ್ರ ಎಲ್ಲವೂ ಮೆಮೊರಿಯಲ್ಲೇ ನಡೆಯುತ್ತದೆ. ಮೆಮೊರಿ ಸಾಲದೆ ಬಂದಾಗ ಕೆಲವು ಪುಟಗಳು ತಾತ್ಕಾಲಿಕವಾಗಿ ಡಿಸ್ಕಿಗೆ ಹೋಗಬಹುದು, ಅಷ್ಟೆ. ಪ್ರೋಗ್ರಾಮಿನ ಒಂದು ಸಾಲನ್ನೂ ಬದಲಿಸದೆ, ಕಡತ ಇಡುವ ಜಾಗವನ್ನು ಬದಲಿಸಿದರೆ ಸಾಕು, ಕೆಲಸ ಚುರುಕಾಗುತ್ತದೆ. 2001ರಲ್ಲಿ ಬಂದ ಲಿನಕ್ಸಿನ 2.4ನೇ ಸರಣಿಯಲ್ಲಿ ಇದು ಸೇರಿತು. ಇಂದು ಲಿನಕ್ಸ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಮೆಮೊರಿಯಲ್ಲಿ ಕುಳಿತ ಇಂಥ ಫೋಲ್ಡರು ಸಿಗುತ್ತದೆ.

ಆದರೆ ಇದು ಒಂದು ಕಂಪ್ಯೂಟರಿನ ಮಾತು. ಸಾವಿರ ಕಂಪ್ಯೂಟರುಗಳು ಸೇರಿ ಒಂದೇ ಲೆಕ್ಕ ಮಾಡುವ ಕಾಲ ಅಷ್ಟರಲ್ಲಿ ಬರುತ್ತಿತ್ತು.

ಸಾವಿರ ಕಂಪ್ಯೂಟರುಗಳ ಲೆಕ್ಕ

1 ಟೆರಾಬೈಟ್ ಮಾಹಿತಿ ಎಂದರೆ ಸುಮಾರು 10 ಲಕ್ಷ ಎಂಬಿ. ಸೆಕೆಂಡಿಗೆ 100 ಎಂಬಿ ಓದುವ ಒಂದು ಡಿಸ್ಕಿನಿಂದ ಅದನ್ನೆಲ್ಲ ಒಮ್ಮೆ ಓದಲು 10 ಸಾವಿರ ಸೆಕೆಂಡು, ಅಂದರೆ ಸುಮಾರು 2 ಗಂಟೆ 47 ನಿಮಿಷ ಬೇಕು. ಅದನ್ನೇ 100 ಡಿಸ್ಕುಗಳಿಗೆ ಹಂಚಿದರೆ ಎರಡು ನಿಮಿಷದೊಳಗೆ ಮುಗಿಯುತ್ತದೆ. ಜಗತ್ತಿನ ಜಾಲತಾಣಗಳನ್ನೆಲ್ಲ ಹುಡುಕಿ ಪಟ್ಟಿಮಾಡುವ ಗೂಗಲ್ ಕಂಪನಿಗೆ ಈ ದಾರಿ ಅನಿವಾರ್ಯವಾಗಿತ್ತು.

2003ರಲ್ಲಿ ಗೂಗಲ್‌ನ ಸಂಜಯ್ ಘೆಮಾವತ್, ಹೊವಾರ್ಡ್ ಗೋಬಿಯಾಫ್ ಮತ್ತು ಶುನ್-ಟಾಕ್ ಲುಂಗ್ ತಮ್ಮ ಕಡತ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ದೊಡ್ಡ ಕಡತವನ್ನು 64 ಎಂಬಿಯ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಕಂಪ್ಯೂಟರಿನ ಡಿಸ್ಕುಗಳಲ್ಲಿ ಇಡುವುದು ಅವರ ಕ್ರಮ. ಒಂದು ಕೆಟ್ಟರೆ ಇನ್ನೆರಡು ಇರುತ್ತವೆ. ಮರೆವಿಗೆ ಇದು ಎರಡನೆಯ ಉತ್ತರ: ಹಲವು ಕಡೆ ಪ್ರತಿ ಇಡು. ಯಾವ ತುಂಡು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಒಂದು ಮುಖ್ಯ ಕಂಪ್ಯೂಟರು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತಿತ್ತು, ನಮ್ಮ ಗುಮಾಸ್ತರ ಹಾಗೆ. ಆದರೆ ಯಾವ ಕಡತಕ್ಕೆ ಯಾವ ತುಂಡುಗಳು ಸೇರಿವೆ ಎಂಬುದರಲ್ಲಿ ಆಗುವ ಪ್ರತಿ ಬದಲಾವಣೆಯನ್ನೂ ಡಿಸ್ಕಿನ ದಿನಚರಿಯಲ್ಲಿ ಬರೆದಿಡುತ್ತಿತ್ತು.

ಮರುವರ್ಷ, 2004ರಲ್ಲಿ, ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ‘ಮ್ಯಾಪ್‌ರಿಡ್ಯೂಸ್’ ಎಂಬ ಲೆಕ್ಕದ ಕ್ರಮವನ್ನು ವಿವರಿಸಿದರು. ಚುನಾವಣೆಯ ಮತ ಎಣಿಕೆ ನೋಡಿದವರಿಗೆ ಇದು ಸುಲಭ. ಪ್ರತಿ ಮೇಜಿನಲ್ಲೂ ತಮ್ಮ ಪಾಲಿನ ಮತಗಳನ್ನು ಅಭ್ಯರ್ಥಿವಾರು ಎಣಿಸುತ್ತಾರೆ. ಆಮೇಲೆ ಎಲ್ಲ ಮೇಜುಗಳ ಚೀಟಿ ತರಿಸಿ ಒಬ್ಬೊಬ್ಬ ಅಭ್ಯರ್ಥಿಯದ್ದನ್ನೂ ಕೂಡುತ್ತಾರೆ. ಮೇಜು ಹೆಚ್ಚಿದಷ್ಟೂ ಎಣಿಕೆ ಬೇಗ.

ಈ ಎರಡು ಪ್ರಬಂಧಗಳನ್ನು ಓದಿ ಡಗ್ ಕಟಿಂಗ್ ಮತ್ತು ಮೈಕ್ ಕಾಫರೆಲ್ಲಾ ಅದೇ ಬಗೆಯ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಕಟ್ಟಿದರು. 2006ರಲ್ಲಿ ಅದು ‘ಹಡೂಪ್’ ಎಂಬ ಹೆಸರಿನಲ್ಲಿ ಹೊರಬಂತು. ಹಡೂಪ್ ಎಂಬುದು ಕಟಿಂಗ್ ಅವರ ಪುಟ್ಟ ಮಗ ತನ್ನ ಹಳದಿ ಆನೆ ಗೊಂಬೆಗೆ ಇಟ್ಟಿದ್ದ ಹೆಸರು.

ಹಡೂಪ್ ಗಟ್ಟಿಮುಟ್ಟಾಗಿತ್ತು, ಚುರುಕಾಗಿರಲಿಲ್ಲ. ಪ್ರತಿ ಸುತ್ತಿನ ಎಣಿಕೆ ಮುಗಿದ ಮೇಲೆ ಉತ್ತರವನ್ನು ಡಿಸ್ಕಿಗೆ ಬರೆಯಬೇಕು, ಅದರ ಮೂರು ಪ್ರತಿ ಮಾಡಬೇಕು, ಮುಂದಿನ ಸುತ್ತಿನಲ್ಲಿ ಮತ್ತೆ ಡಿಸ್ಕಿನಿಂದ ಓದಬೇಕು. ಒಂದೇ ಸುತ್ತಿನ ಲೆಕ್ಕಕ್ಕೆ ತೊಂದರೆಯಿಲ್ಲ. ಆದರೆ ಯಂತ್ರಕ್ಕೆ ಕಲಿಸುವ ಲೆಕ್ಕಗಳಲ್ಲಿ ಅದೇ ಮಾಹಿತಿಯ ಮೇಲೆ ಹತ್ತು, ಐವತ್ತು, ನೂರು ಸುತ್ತು ಹಾಕಬೇಕಾಗುತ್ತದೆ. ಒಂದೊಂದು ಹಂತಕ್ಕೂ ಹೊಸ ಹಾಳೆ ತೆಗೆದು, ಮೂರು ನಕಲು ಬರೆದು, ಬೀರುವಿನಲ್ಲಿಟ್ಟು, ಮತ್ತೆ ಹೊರತೆಗೆದು ಲೆಕ್ಕ ಮುಂದುವರಿಸಿದ ಹಾಗಾಗುತ್ತಿತ್ತು.

ವಂಶಾವಳಿಯ ಉಪಾಯ

ಅಷ್ಟರಲ್ಲಿ ಮೆಮೊರಿ ಅಗ್ಗವಾಗಿತ್ತು. ನಾವು ಶಾಲೆಯಲ್ಲಿದ್ದಾಗ 128 ಎಂಬಿ ಮೆಮೊರಿಯ ಕಂಪ್ಯೂಟರೆಂದರೆ ಒಳ್ಳೆಯದೆಂದೇ ಲೆಕ್ಕ. ಇಂದು ಜೇಬಿನಲ್ಲಿರುವ ಮೊಬೈಲಿಗೇ 8 ಜಿಬಿ, ಅಂದರೆ ಅದರ 64 ಪಟ್ಟು ಇರುತ್ತದೆ. ನೂರು ಸರ್ವರುಗಳ ಮೆಮೊರಿ ಕೂಡಿಸಿದರೆ ಹಲವು ಟೆರಾಬೈಟ್ ಮಾಹಿತಿ ಅದರಲ್ಲೇ ಹಿಡಿಸುತ್ತದೆ. ಉಳಿದದ್ದು ಮರೆವಿನ ಅಡ್ಡಿ ಒಂದೇ.

ನೂರು ಕಂಪ್ಯೂಟರುಗಳಲ್ಲಿ ಒಂದಲ್ಲ ಒಂದು ಕೆಡುವುದು ಸಹಜ. ಹಾಗೆಂದು ಮೆಮೊರಿಯಲ್ಲಿರುವುದಕ್ಕೂ ಮೂರು ಪ್ರತಿ ಮಾಡಲು ಹೊರಟರೆ ಪ್ರತಿಗಳು ನೆಟ್‌ವರ್ಕಿನ ತಂತಿಯಲ್ಲಿ ಹಾದುಹೋಗಬೇಕು. 1 ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಹೋಗುವುದು ಹೆಚ್ಚೆಂದರೆ 125 ಎಂಬಿ. ಮೆಮೊರಿಯ ವೇಗ ಸೆಕೆಂಡಿಗೆ ಹತ್ತಾರು ಸಾವಿರ ಎಂಬಿ. ಅಗಲವಾದ ಕಾಲುವೆಯ ನೀರನ್ನು ಅರ್ಧ ಇಂಚಿನ ಪೈಪಿಗೆ ಬಿಟ್ಟ ಹಾಗಾಯಿತು. ಪ್ರತಿ ಮಾಡುವ ಹಳೆಯ ಉತ್ತರ ಇಲ್ಲಿ ನಡೆಯಲಿಲ್ಲ.

2009ರಲ್ಲಿ ಬರ್ಕ್‌ಲಿಯಲ್ಲಿ ಮಾಟೆ ಜಹಾರಿಯಾ ಎಂಬ ಸಂಶೋಧನಾ ವಿದ್ಯಾರ್ಥಿ ‘ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಆರಂಭಿಸಿದರು. 2012ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಪ್ರಬಂಧದಲ್ಲಿ ಮರೆವಿಗೆ ಮೂರನೆಯ ಉತ್ತರವಿತ್ತು: ಉತ್ತರದ ಪ್ರತಿ ಇಡಬೇಡ, ಉತ್ತರ ಬಂದ ದಾರಿಯನ್ನು ಬರೆದಿಡು. ಯಾವ ಮೂಲ ಮಾಹಿತಿಯ ಮೇಲೆ ಯಾವ ಯಾವ ಲೆಕ್ಕ ಮಾಡಿದ್ದರಿಂದ ಈ ತುಂಡು ಹುಟ್ಟಿತು ಎಂಬುದಷ್ಟೇ ಸಾಕು. ಅದು ನಾಲ್ಕು ಸಾಲಿನ ಮಾತು. ಬರೆಯಲು ಹೊತ್ತು ಬೇಡ. ತುಂಡು ಕಳೆದರೆ ಅದೊಂದನ್ನೇ ಅದೇ ಲೆಕ್ಕ ಮಾಡಿ ಮತ್ತೆ ಹುಟ್ಟಿಸಬಹುದು. ಇದಕ್ಕೆ ಅವರು ಕೊಟ್ಟ ಹೆಸರು ‘ಲೀನಿಯೇಜ್’, ಅಂದರೆ ವಂಶಾವಳಿ. ಫೌತಿ ಖಾತೆ ಮಾಡಿಸುವಾಗ ವಂಶವೃಕ್ಷ ಕೇಳುತ್ತಾರಲ್ಲ, ಇವನು ಯಾರ ಮಗ, ಅವನು ಯಾರ ಮಗ ಎಂದು. ಇಲ್ಲಿಯೂ ಹಾಗೆಯೇ ಪ್ರತಿ ತುಂಡು ಮಾಹಿತಿಗೂ ತನ್ನ ಮೂಲ ಗೊತ್ತಿರುತ್ತದೆ.

ನಮ್ಮ ಗಣಿತದ ಮೇಷ್ಟ್ರು ಉತ್ತರಕ್ಕಿಂತ ಹಂತಗಳಿಗೇ ಹೆಚ್ಚು ಅಂಕ ಕೊಡುತ್ತಿದ್ದರು. “ಉತ್ತರ ಅಳಿಸಿಹೋದರೆ ಹಂತದಿಂದ ಮತ್ತೆ ಬರುತ್ತದೆ, ಹಂತ ಅಳಿಸಿಹೋದರೆ ಉತ್ತರದಿಂದ ಏನೂ ಬರುವುದಿಲ್ಲ” ಎನ್ನುತ್ತಿದ್ದರು. ಆ ಪ್ರಬಂಧ ಮೊದಲ ಸಲ ಓದಿದಾಗ ನನಗೆ ಅವರ ಮಾತೇ ನೆನಪಾಯಿತು.

ಸುತ್ತು ಸುತ್ತಿನ ಲೆಕ್ಕಗಳಲ್ಲಿ ಸ್ಪಾರ್ಕ್ ಹಡೂಪಿಗಿಂತ 20 ಪಟ್ಟಿನವರೆಗೆ ಚುರುಕು, 1 ಟೆರಾಬೈಟ್ ಮಾಹಿತಿಯನ್ನು 5ರಿಂದ 7 ಸೆಕೆಂಡಿನಲ್ಲಿ ಜಾಲಾಡಬಹುದು ಎಂದು ಪ್ರಬಂಧ ತೋರಿಸಿತು.

ಬೆಳಕಿಗಿಂತ ವೇಗದ ಹೆಸರು

ಸ್ಪಾರ್ಕಿನಲ್ಲೂ ಒಂದು ಕೊರತೆ ಇತ್ತು. ಮಾಹಿತಿ ಇರುತ್ತಿದ್ದದ್ದು ಲೆಕ್ಕ ಮಾಡುವ ಪ್ರೋಗ್ರಾಮಿನ ಹೊಟ್ಟೆಯೊಳಗೆ. ಪ್ರೋಗ್ರಾಂ ನಿಂತರೆ ಅದರ ಜೊತೆ ಮಾಹಿತಿಯೂ ಹೋಗುತ್ತಿತ್ತು. ಒಂದು ಪ್ರೋಗ್ರಾಮಿನ ಉತ್ತರ ಇನ್ನೊಂದಕ್ಕೆ ಬೇಕಾದರೆ ಮತ್ತೆ ಡಿಸ್ಕಿಗೆ ಬರೆದು ಓದಬೇಕಾಗುತ್ತಿತ್ತು.

2012ರಲ್ಲಿ ಅದೇ ಬರ್ಕ್‌ಲಿಯ ಆ್ಯಂಪ್‌ಲ್ಯಾಬ್ ಎಂಬ ಪ್ರಯೋಗಾಲಯದಲ್ಲಿ ಹಾವೊಯುವಾನ್ ಲಿ ಎಂಬ ಇನ್ನೊಬ್ಬ ಸಂಶೋಧನಾ ವಿದ್ಯಾರ್ಥಿ, ಮಾಹಿತಿಯನ್ನು ಪ್ರೋಗ್ರಾಮಿನ ಹೊಟ್ಟೆಯಿಂದ ಹೊರತೆಗೆದು, ಎಲ್ಲ ಪ್ರೋಗ್ರಾಮುಗಳಿಗೂ ಸಿಗುವ ಹಾಗೆ ಮೆಮೊರಿಯಲ್ಲೇ ಒಂದು ಕಡತ ವ್ಯವಸ್ಥೆ ಕಟ್ಟತೊಡಗಿದರು. ಅದರ ಹೆಸರು ‘ಟ್ಯಾಕಿಯಾನ್’. ಪ್ರತಿ ಕಂಪ್ಯೂಟರಿನಲ್ಲೂ ಅದು ಬಳಸುತ್ತಿದ್ದದ್ದು ಮೆಮೊರಿಯಲ್ಲಿ ಕುಳಿತ ಫೋಲ್ಡರನ್ನೇ. 1990ರ ಉಪಾಯ ಇಪ್ಪತ್ತೆರಡು ವರ್ಷದ ಮೇಲೆ ನೂರಾರು ಕಂಪ್ಯೂಟರುಗಳ ಮೇಲೆ ಹರಡಿಕೊಂಡಿತ್ತು. ಅದಕ್ಕೆ ವಂಶಾವಳಿಯ ಉಪಾಯವೂ ಸೇರಿತ್ತು. ವಂಶಾವಳಿ ತೀರ ಉದ್ದವಾದರೆ ಕಳೆದದ್ದನ್ನು ಮತ್ತೆ ಹುಟ್ಟಿಸಲು ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕಾಗಿ ಕೆಲಸಕ್ಕೆ ಅಡ್ಡಿಯಾಗದಂತೆ, ಹಿನ್ನೆಲೆಯಲ್ಲಿ ಆಗಾಗ ಕೆಲವು ಕಡತಗಳನ್ನು ಡಿಸ್ಕಿಗೆ ಬರೆದಿಡುವ ಏರ್ಪಾಡನ್ನೂ ಮಾಡಿದರು.

ಟ್ಯಾಕಿಯಾನ್ ಎಂಬ ಹೆಸರಿಗೂ ನಮ್ಮ ದೇಶಕ್ಕೂ ನಂಟಿದೆ. ಬೆಳಕಿಗಿಂತ ವೇಗವಾಗಿ ಚಲಿಸುವ ಕಣಗಳು ಇರಬಹುದೇ ಎಂಬ ಪ್ರಶ್ನೆಯನ್ನು 1962ರಲ್ಲಿ ಗಂಭೀರವಾಗಿ ಎತ್ತಿದವರಲ್ಲಿ ಕೇರಳದ ಕೊಟ್ಟಾಯಂ ಸೀಮೆಯಲ್ಲಿ ಹುಟ್ಟಿದ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಒಬ್ಬರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಅಂಥ ಕಣಕ್ಕೆ 1967ರಲ್ಲಿ ಟ್ಯಾಕಿಯಾನ್ ಎಂದು ಹೆಸರಿಟ್ಟವರು ಜೆರಾಲ್ಡ್ ಫೈನ್‌ಬರ್ಗ್. ಆ ಕಣ ಇಂದಿಗೂ ಕಂಡಿಲ್ಲ. ಹೆಸರು ಮಾತ್ರ ಉಳಿದಿದೆ.

2014ರಲ್ಲಿ ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಅಂಕಿಗಳಿವೆ. ಮೆಮೊರಿಯಲ್ಲೇ ಇಟ್ಟ ಹಡೂಪ್ ಕಡತ ವ್ಯವಸ್ಥೆಗಿಂತ ಟ್ಯಾಕಿಯಾನಿನಲ್ಲಿ ಬರೆಯುವ ವೇಗ 110 ಪಟ್ಟು ಹೆಚ್ಚು. ಆದರೆ ನಿಜವಾದ ಕೆಲಸವನ್ನು ಹೋಲುವ ಒಂದು ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡಿಸಿದಾಗ ಸಿಕ್ಕ ಲಾಭ 4 ಪಟ್ಟು. ವಿದ್ಯಾರ್ಥಿಗಳು ಎರಡೂ ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. ಬರೆಯುವುದು ಕೆಲಸದ ಒಂದು ಭಾಗ ಮಾತ್ರ. ಉಳಿದ ಭಾಗ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹಿಡಿದೇ ಹಿಡಿಯುತ್ತದೆ. ಬಸ್ಸು ಎಷ್ಟೇ ಜೋರಾಗಿ ಓಡಿದರೂ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತು ಕಡಿಮೆಯಾಗುವುದಿಲ್ಲವಲ್ಲ.

2016ರಲ್ಲಿ ಟ್ಯಾಕಿಯಾನ್ ‘ಅಲಕ್ಸಿಯೊ’ ಎಂದು ಹೆಸರು ಬದಲಿಸಿಕೊಂಡಿತು. ಇಂದು ಅದು ಹೆಚ್ಚಾಗಿ ಬಳಕೆಯಾಗುವುದು ದೂರದ ಸಂಗ್ರಹದಲ್ಲಿರುವ ಮಾಹಿತಿಯನ್ನು ಲೆಕ್ಕ ನಡೆಯುವ ಜಾಗಕ್ಕೆ ಹತ್ತಿರ ತಂದಿಟ್ಟುಕೊಡುವ ಮಧ್ಯದ ಪದರವಾಗಿ.

ಇದೇ ಹೊತ್ತಿನ ಇನ್ನೊಂದು ಸಂಗತಿ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಐದು ನಿಮಿಷದ ನಿಯಮ ಕೊಟ್ಟ ಜಿಮ್ ಗ್ರೇ ಹೆಸರಿನಲ್ಲಿ 100 ಟೆರಾಬೈಟ್ ಮಾಹಿತಿಯನ್ನು ಕ್ರಮವಾಗಿ ಜೋಡಿಸುವ ಸ್ಪರ್ಧೆಯೊಂದಿದೆ. ಹಡೂಪ್ ಅದನ್ನು 2100 ಕಂಪ್ಯೂಟರುಗಳಲ್ಲಿ 72 ನಿಮಿಷಕ್ಕೆ ಮುಗಿಸಿತ್ತು. 2014ರಲ್ಲಿ ಸ್ಪಾರ್ಕ್ 206 ಕಂಪ್ಯೂಟರುಗಳಲ್ಲಿ 23 ನಿಮಿಷಕ್ಕೆ ಮುಗಿಸಿತು. ಆ ವರ್ಷದ ಗೌರವವನ್ನು ಇನ್ನೊಂದು ವಿಶ್ವವಿದ್ಯಾಲಯದ ತಂಡದೊಡನೆ ಹಂಚಿಕೊಂಡಿತು. ಇದು ಮೆಮೊರಿಯ ಗೆಲುವು ಎಂದು ಹಲವರು ತಿಳಿದರು. ಆದರೆ ಆ ದಿನ ಸ್ಪಾರ್ಕ್ ತನ್ನ ಮೆಮೊರಿ ಸಂಗ್ರಹವನ್ನು ಬಳಸಿರಲೇ ಇಲ್ಲ. ಚಲಿಸುವ ಭಾಗಗಳಿಲ್ಲದ ಹೊಸ ಬಗೆಯ ಡಿಸ್ಕುಗಳ ಮೇಲೆಯೇ ಅಷ್ಟೂ ಕೆಲಸ ನಡೆದಿತ್ತು. ಅಚ್ಚುಕಟ್ಟಾಗಿ ಜೋಡಿಸಿಕೊಂಡರೆ ಬೀರುವಿನಿಂದಲೂ ಬೇಗ ತೆಗೆಯಬಹುದು ಎಂಬುದು ಅದರ ಪಾಠ.

ನಾನು ಕಳೆದುಕೊಂಡ ಒಂದು ಪಟ್ಟಿ

ಈ ಇತಿಹಾಸ ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿಯಿಡೀ ನಡೆಯುವ ಒಂದು ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಮಧ್ಯದ ಕಡತಗಳನ್ನೆಲ್ಲ ಮೆಮೊರಿಯ ಫೋಲ್ಡರಿಗೆ ಸಾಗಿಸಿದೆ. ಆರು ಗಂಟೆಯ ಕೆಲಸ ಎರಡು ಗಂಟೆಗೂ ಕಡಿಮೆಗೆ ಇಳಿಯಿತು. ಎಲ್ಲರೂ ಹೊಗಳಿದರು. ಆ ಉತ್ಸಾಹದಲ್ಲಿ ನಾನು ಇನ್ನೊಂದು ಕಡತವನ್ನೂ ಅಲ್ಲೇ ಇಟ್ಟೆ. ಅದು ಊರುಗಳ ಹೆಸರಿನ ಪಟ್ಟಿ. ಒಂದೇ ಊರನ್ನು ಜನ ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ. ಅದನ್ನೆಲ್ಲ ಮೂರು ದಿನ ಕೂತು ಕೈಯಾರೆ ತಿದ್ದಿದ್ದೆ.

ಒಂದು ರಾತ್ರಿ ಆ ಸರ್ವರು ನಿಂತು ಮತ್ತೆ ಶುರುವಾಯಿತು. ಬೆಳಿಗ್ಗೆ ನೋಡಿದರೆ ಫೋಲ್ಡರು ಖಾಲಿ. ಲೆಕ್ಕದ ಕಡತಗಳೆಲ್ಲ ಎರಡು ಗಂಟೆಯಲ್ಲಿ ಮತ್ತೆ ಹುಟ್ಟಿದವು, ಏಕೆಂದರೆ ಅವುಗಳ ಮೂಲ ಬೇರೆ ಕಡೆ ಭದ್ರವಾಗಿತ್ತು, ಹಂತಗಳು ಪ್ರೋಗ್ರಾಮಿನಲ್ಲಿದ್ದವು. ನನ್ನ ಪಟ್ಟಿ ಮಾತ್ರ ಬರಲಿಲ್ಲ. ಅದಕ್ಕೆ ವಂಶಾವಳಿ ಇರಲಿಲ್ಲ. ಅದು ಹುಟ್ಟಿದ್ದು ನನ್ನ ಕಣ್ಣು ಮತ್ತು ಕೈಯಿಂದ. ಮತ್ತೆ ಮೂರು ದಿನ ಕೂರಬೇಕಾಯಿತು. ಆದರೂ ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ.

ಅಂದಿನಿಂದ ಯಾವುದೇ ಕಡತವನ್ನು ಮೆಮೊರಿಯಲ್ಲಿಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಕಳೆದರೆ ಇದನ್ನು ಮತ್ತೆ ಹುಟ್ಟಿಸುವ ದಾರಿ ಇದೆಯೇ? ಇದ್ದರೆ ನಿಶ್ಚಿಂತೆಯಿಂದ ಮೆಮೊರಿಯಲ್ಲಿಡಬಹುದು. ಇಲ್ಲದಿದ್ದರೆ ಎಷ್ಟೇ ನಿಧಾನವಾದರೂ ಮೊದಲು ಬರೆದಿಡಬೇಕು. ಸ್ಪಾರ್ಕ್ ಆಗಲಿ ಟ್ಯಾಕಿಯಾನ್ ಆಗಲಿ ಮೂಲ ಮಾಹಿತಿಯನ್ನು ಮೆಮೊರಿಯ ಭರವಸೆಗೆ ಬಿಡಲಿಲ್ಲ. ಮೂಲ ಎಲ್ಲೋ ಒಂದು ಕಡೆ ಡಿಸ್ಕಿನಲ್ಲಿ ಪ್ರತಿಗಳೊಡನೆ ಭದ್ರವಾಗಿದೆ ಎಂಬ ಧೈರ್ಯದ ಮೇಲೆಯೇ ಅವುಗಳ ವೇಗ ನಿಂತಿದೆ.

ನಮ್ಮ ಶಾಲೆಯ ಮೂಲ ಕಡತ

ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೂ ಈ ಪ್ರಶ್ನೆ ಅನ್ವಯಿಸುತ್ತದೆ ಎಂದು ನನಗನ್ನಿಸುತ್ತದೆ. ಯಾವ ವರ್ಷ ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ಪಾಸಾದರು ಎಂಬುದು ರಿಜಿಸ್ಟರಿನಲ್ಲಿದೆ. ಕೂಡಿ ಕಳೆದು ಯಾವಾಗ ಬೇಕಾದರೂ ಪಟ್ಟಿ ಮಾಡಬಹುದು. ಆದರೆ ಶಾಲೆಗೆ ಜಾಗ ಬಿಟ್ಟುಕೊಟ್ಟವರ ಮನೆಯಲ್ಲಿ ಆ ದಿನ ಏನು ಮಾತಾಯಿತು, ಶ್ರಮದಾನದಲ್ಲಿ ಕಲ್ಲು ಹೊತ್ತವರು ಯಾರು, ಮೊದಲ ತಂಡದ ಹುಡುಗಿಯರನ್ನು ಹೈಸ್ಕೂಲಿಗೆ ಕಳಿಸಲು ಯಾವ ಮೇಷ್ಟ್ರು ಮನೆಮನೆಗೆ ಹೋಗಿ ಹೇಳಿದರು ಎಂಬುದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವೆಲ್ಲ ಹಿರಿಯರ ನೆನಪಿನಲ್ಲಿವೆ. ಕೇಳಿದ ಕೂಡಲೇ ಹೇಳುತ್ತಾರೆ, ಅದಕ್ಕೇ ನಾವು ಬರೆದುಕೊಳ್ಳುವುದಿಲ್ಲ. ಕಳೆದರೆ ಯಾವ ಕಂಪ್ಯೂಟರೂ ಅವನ್ನು ಲೆಕ್ಕ ಮಾಡಿ ಮತ್ತೆ ಹುಟ್ಟಿಸಲಾರದು.

ಈ ಸಂಚಿಕೆ ಆ ಕೆಲಸದ ಆರಂಭವಾಗಲಿ. ನನ್ನದೊಂದು ಸಲಹೆ ಇದೆ. ಹಿರಿಯರು ಹೇಳಿದ್ದನ್ನು ಬರೆದಿಡಲು ಒಂದು ದಪ್ಪ ಪುಸ್ತಕ ಮಾಡೋಣ. ಅದರ ಮೂರು ಪ್ರತಿ ಇರಲಿ: ಒಂದು ಶಾಲೆಯಲ್ಲಿ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಒಂದು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ. ಒಂದಕ್ಕೆ ಗೆದ್ದಲು ಹಿಡಿದರೆ ಇನ್ನೆರಡು ಉಳಿಯುತ್ತವೆ.

ಟಿ.ಸಿ. ಹುಡುಕಿಕೊಡುತ್ತಿದ್ದ ನಮ್ಮ ಗುಮಾಸ್ತರು ಈಗ ನಿವೃತ್ತರು, ಊರಲ್ಲೇ ಇದ್ದಾರೆ. ಕಳೆದ ಸಲ ಬಂದಾಗ ಮಾತಾಡಿಸಿದೆ. ಕಣ್ಣು ಮಂಜಾಗಿದೆ, ನೆನಪು ಇನ್ನೂ ಹಾಗೆಯೇ ಇದೆ. ಮುಂದಿನ ರಜೆಯಲ್ಲಿ ನೋಟ್‌ಬುಕ್ ಹಿಡಿದು ಅವರ ಜಗಲಿಯ ಮೇಲೆ ಕೂರುವ ಕೆಲಸ ನನ್ನದು ಎಂದು ಸಮಿತಿಯವರಿಗೆ ಹೇಳಿದ್ದೇನೆ.

(ಲೇಖಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್)